ಕೈಗೆಟುಕುವಷ್ಟು ಕೂದಲು

"ನೀವು ಯಾವ ಥರದವರು ಅಕ್ಕಾ?" ಎಂದು ಪಾರ್ಲರಿನಾಕೆ ಕೇಳಿದಾಗ ನನಗೆ ಸಿಟ್ಟು ಬಂತು. ಕೂದಲು ಕತ್ತರಿಸಿಕೊಳ್ಳಲು ಬಂದವಳನ್ನು ಕೇಳುವ ಪ್ರಶ್ನೆಯೇ ಇದು? ಐವತ್ತು ದಾಟಿದ ಮೇಲೆ, ಸೊಂಟದ ಕೆಳಗೆ ಇಳಿಯುವ ಜಡೆ ಇಟ್ಟುಕೊಂಡು, ಆರ್.ಟಿ. ನಗರದ ನಮ್ಮ ಹಿಂದಿನ ಬೀದಿಯ ಆ ಪಾರ್ಲರಿನ ಪರದೆ ಸರಿಸಿ ಒಳಗೆ ಹೋಗಿ, "ಬಾಬ್ ಮಾಡಿಸ್ಬೇಕು" ಎಂದು ಬಾಯಿ ಬಿಡುವಷ್ಟರಲ್ಲೇ ನನಗೆ ಸಾಕುಸಾಕಾಗಿತ್ತು.

ಆಕೆ ಬಿಡಲಿಲ್ಲ. ಫೋನಿನಲ್ಲಿ ಒಂದೊಂದೇ ಚಿತ್ರ ಸರಿಸುತ್ತಾ ಹೋದಳು. ದವಡೆಯ ಮಟ್ಟಕ್ಕೆ ನೇರವಾಗಿ ನಿಲ್ಲುವುದು, ಹಿಂದೆ ಗಿಡ್ಡವಾಗಿ ಮುಂದೆ ಉದ್ದ ಇಳಿಯುವುದು, ಹಣೆ ಮುಚ್ಚುವುದು, ಹೆಗಲು ಮುಟ್ಟುವುದು.

"ಎಲ್ಲಾ ಬಾಬೇ ಅಕ್ಕಾ. ಮುಖ ನೋಡಿ ನಾನೇ ಒಂದು ಹೇಳ್ಬಹುದು. ಆದ್ರೆ ಮನುಷ್ಯರನ್ನೂ ನೋಡ್ಬೇಕಲ್ಲ. ನೀವು ಸೈಲೆಂಟಾ, ಜೋರಾ? ಬೆಳಿಗ್ಗೆ ಕನ್ನಡಿ ಮುಂದೆ ಎಷ್ಟೊತ್ತು ನಿಲ್ತೀರಾ?"

"ಜೋರು" ಎಂದೆ. ಅದರಲ್ಲಿ ಸಂಶಯವಿರಲಿಲ್ಲ, ನಮ್ಮ ಮನೆಯಲ್ಲಿ ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಿದ್ದರು. ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಹೆಂಗಸು ನಕ್ಕಳು. ಆಕೆಯ ಬುರ್ಖಾ ಗೋಡೆಯ ಮೊಳೆಗೆ ತೂಗಿತ್ತು. ಆಗ ತಾನೇ ಕತ್ತರಿಸಿದ್ದ ಕೂದಲು ಕಿವಿಯ ಕೆಳಗೆ ಗೆರೆ ಎಳೆದ ಹಾಗೆ ನಿಂತಿತ್ತು. ಇಷ್ಟು ಚೆಂದದ್ದನ್ನು ಬೀದಿಯಲ್ಲಿ ಯಾರೂ ನೋಡುವ ಹಾಗಿಲ್ಲವಲ್ಲ ಎಂದು ನಾನು ಯೋಚಿಸುತ್ತಿದ್ದುದು ಮುಖದಲ್ಲಿ ಕಂಡಿತೋ ಏನೋ. "ಮನೇಲಿ ನೋಡೋರು ಇದಾರಲ್ಲ ಆಂಟಿ, ಅಷ್ಟು ಸಾಕು" ಎಂದಳು. ನನಗೆ ನಾಚಿಕೆಯಾಯಿತು.

ಬೆಳಗಿನ ಪ್ರಶ್ನೆ ಹಾಗೇ ಉಳಿದಿತ್ತು. ನಾನು ಬೆಳಿಗ್ಗೆ ಕನ್ನಡಿ ಮುಂದೆ ನಿಲ್ಲುತ್ತಲೇ ಇರಲಿಲ್ಲ. ನನ್ನ ತಲೆ ಬಾಚುತ್ತಿದ್ದವರು ನನ್ನ ಅತ್ತೆ.

ಇದು ಶುರುವಾದದ್ದು ಕೆಲವು ವರ್ಷಗಳ ಹಿಂದೆ ನನ್ನ ಬಲಭುಜ ಹಿಡಿದುಕೊಂಡಾಗ. ಕೈ ಮುಂದೆ ಚಾಚಬಹುದಿತ್ತು, ಹಿಂದಕ್ಕೆ ಹೋಗುತ್ತಿರಲಿಲ್ಲ, ಈಗಲೂ ಪೂರ್ತಿ ಹೋಗುವುದಿಲ್ಲ. ರವಿಕೆಯ ಗುಂಡಿಯನ್ನು ಹೇಗೋ ಮುಂದಕ್ಕೆ ತಂದುಕೊಂಡೆ, ಜಡೆಯನ್ನು ಏನು ಮಾಡುವುದು? ಗಂಡನಿಗೆ ಹೇಳಿಕೊಟ್ಟೆ. ಅವರು ಹಾಕಿದ ಜಡೆ ನೋಡಿ ನಾನೇ ಬಿಚ್ಚಿದೆ. ಮಾರನೆಯ ಬೆಳಿಗ್ಗೆ ಅತ್ತೆ ನಡುಮನೆಯಲ್ಲಿ ಕುರ್ಚಿ ಎಳೆದುಕೊಂಡು ಕೂತರು. ಮುಂದೆ ಒಂದು ಮಣೆ ಹಾಕಿದರು. "ಬಾ, ಕೂತ್ಕೊ. ನೆಟ್ಟಗೆ ಕೂತ್ಕೊ" ಎಂದರು.

ನಮ್ಮಿಬ್ಬರ ಸಂಬಂಧದ ಬಗ್ಗೆ ಒಂದು ಮಾತು ಹೇಳಬೇಕು. ಜಗಳವಾಡಿದ್ದು ಕಡಿಮೆ, ಮಾತಾಡಿದ್ದು ಇನ್ನೂ ಕಡಿಮೆ. ಹಾಲು ಬಂತಾ, ನೀರು ಬಂತಾ, ಊಟಕ್ಕೆ ಏಳಿ, ಇಷ್ಟರಲ್ಲೇ ನಮ್ಮ ವರ್ಷಗಳು ಕಳೆದಿದ್ದವು. ಅವರೂ ನನ್ನ ಹಾಗೇ ಗಡುಸು. ಇಬ್ಬರು ಗಡುಸು ಹೆಂಗಸರು ಒಂದು ಅಡುಗೆಮನೆಯಲ್ಲಿ ಬಾಳಬೇಕಾದರೆ ಮಾತು ಕಡಿಮೆ ಮಾಡಿಕೊಳ್ಳುವುದೇ ದಾರಿ ಎಂದು ಇಬ್ಬರಿಗೂ ಬೇಗ ಗೊತ್ತಾಗಿತ್ತು.

ಮಣೆಯ ಮೇಲೆ ಕೂತ ಮೇಲೆ ಅದು ಬದಲಾಯಿತು. ಅವರಿಗೆ ನನ್ನ ಮುಖ ಕಾಣುತ್ತಿರಲಿಲ್ಲ, ನನಗೆ ಅವರದ್ದು ಕಾಣುತ್ತಿರಲಿಲ್ಲ. ಎದುರೆದುರು ಯಾವತ್ತೂ ಆಡದ ಮಾತುಗಳನ್ನು ಅವರು ನನ್ನ ನೆತ್ತಿಗೆ ಹೇಳತೊಡಗಿದರು. ತವರೂರು ಅಮೃತಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗ ದ್ರಾಕ್ಷಿ ತೋಟದಲ್ಲಿ ಗೊಂಚಲು ಕೊಯ್ಯಲು ಹೋಗುತ್ತಿದ್ದದ್ದು, ತಲೆಗೆ ಎಣ್ಣೆ ಬೇಕೆಂದು ಅವ್ವನ ಹತ್ತಿರ ಬೈಸಿಕೊಂಡದ್ದು. ಒಂದು ದಿನ, "ನೀನು ಮದ್ವೆಯಾಗಿ ಬಂದ ಒಸದ್ರಲ್ಲಿ ಈ ಜಡೆ ನೋಡಿ ನಂಗೆ ಒಟ್ಟೆಕಿಚ್ಚು ಕಣವ್ವ. ಅದ್ಕೇ ಒಂದ್ ದಿನಾನೂ ಚೆಂದಾಗದೆ ಅಂತ ಏಳ್ಲಿಲ್ಲ" ಎಂದರು. ನಾನು ಹಿಂದೆ ತಿರುಗಲು ಹೋದೆ. ತಲೆಯನ್ನು ಹಿಡಿದು ಮುಂದಕ್ಕೇ ತಿರುಗಿಸಿ, "ನೆಟ್ಟಗೆ ಕೂತ್ಕೊ" ಎಂದರು. ಆ ದಿನವೆಲ್ಲ ಕಾರ್ಖಾನೆಯಲ್ಲಿ ನಾನು ಯಾರ ಮೇಲೂ ರೇಗಲಿಲ್ಲವಂತೆ.

ನನ್ನ ಕೆಲಸ ಜಾಲಹಳ್ಳಿ ಕಡೆಯ ಒಂದು ಕಾರ್ಖಾನೆಯಲ್ಲಿ, ತಯಾರಾದ ಬಿಡಿಭಾಗಗಳನ್ನು ಅಳೆದು ನೋಡುವುದು. ಯಂತ್ರಗಳ ನಡುವೆ ಓಡಾಡಬೇಕು. ಅದಕ್ಕೇ ಜಡೆಯನ್ನು ಸುತ್ತಿ ಟೋಪಿಯೊಳಗೆ ಸೇರಿಸಲೇಬೇಕು. ಅತ್ತೆಯ ಜಡೆ ಮೊದಮೊದಲು ಸಂಜೆಯವರೆಗೂ ಕಲ್ಲಿನ ಹಾಗೆ ನಿಲ್ಲುತ್ತಿತ್ತು. ಆಮೇಲಾಮೇಲೆ ಮಧ್ಯಾಹ್ನಕ್ಕೇ ಸಡಿಲವಾಗತೊಡಗಿತು. ಕಳೆದ ವರ್ಷ ಬಸ್ಸು ಹೆಬ್ಬಾಳ ದಾಟುವಷ್ಟರಲ್ಲೇ ಬಿಚ್ಚಿಕೊಳ್ಳುತ್ತಿತ್ತು. ಒಂದು ದಿನ ಕೊರೆಯುವ ಯಂತ್ರದ ಹತ್ತಿರ ಬಗ್ಗಿದಾಗ ಒಂದು ಎಳೆ ಟೋಪಿಯಿಂದ ಜಾರಿ ಮುಂದೆ ಬಿತ್ತು. ಮೇಲ್ವಿಚಾರಕರು ನನ್ನ ಹೆಗಲು ಹಿಡಿದು ಹಿಂದಕ್ಕೆ ಎಳೆದರು. ಆಮೇಲೆ ಹೋಗಿ ಯಂತ್ರ ನಿಲ್ಲಿಸಿದರು.

ಅಂದಿನಿಂದ ನಾನು ಕಾರ್ಖಾನೆ ತಲುಪಿದ ಕೂಡಲೇ ಮಹಿಳೆಯರ ಕೋಣೆಯಲ್ಲಿ ಒಬ್ಬಳು ಸಹೋದ್ಯೋಗಿಯ ಮುಂದೆ ಕೂತು ಜಡೆ ಬಿಚ್ಚಿಸಿ ಮತ್ತೆ ಬಿಗಿಯಾಗಿ ಹಾಕಿಸಿಕೊಳ್ಳುತ್ತಿದ್ದೆ. ಮನೆಯಲ್ಲಿ ಹೇಳಲಿಲ್ಲ. ಹೇಗೆ ಹೇಳುವುದು? ಕೈ ಸೋಲುತ್ತಾ ಹೋದಂತೆ ಅತ್ತೆ ಒಂದೊಂದೇ ಕೆಲಸ ಬಿಡುತ್ತಾ ಬಂದಿದ್ದರು. ರೊಟ್ಟಿ ತಟ್ಟುವುದು ಬಿಟ್ಟರು, ಬಟ್ಟೆ ಹಿಂಡುವುದು ಬಿಟ್ಟರು. ಬೆಳಿಗ್ಗೆ ಎದ್ದು ಮೊದಲು ಅವರು ಹುಡುಕುತ್ತಿದ್ದದ್ದು ಬಾಚಣಿಗೆಯನ್ನು. ಅದನ್ನೂ ಅವರ ಕೈಯಿಂದ ಕಿತ್ತುಕೊಳ್ಳುವುದು ನನ್ನಿಂದಾಗದು ಅನಿಸುತ್ತಿತ್ತು. ನಿಜ ಹೇಳಬೇಕೆಂದರೆ, ಆ ಮಣೆ ನನಗೂ ಬೇಕಾಗಿತ್ತು.

ಆದರೂ ಆ ದಿನ ಕಾರ್ಖಾನೆಯಿಂದ ಬರುವಾಗ ಪಾರ್ಲರಿಗೆ ಹೋಗಿದ್ದೆ. ಯಂತ್ರದ ಭಯ, ಬೇಸಿಗೆಯ ಸೆಕೆ, ಒಣಗದ ಕೂದಲ ಭಾರಕ್ಕೆ ಬರುವ ತಲೆನೋವು. ನಾನು ಯಾವ ಚಿತ್ರವನ್ನೂ ಆರಿಸದ್ದು ನೋಡಿ ಪಾರ್ಲರಿನಾಕೆ ಧೈರ್ಯ ಹೇಳಿದಳು. "ಭಯ ಬೇಡ ಅಕ್ಕಾ. ಬಾಬ್ ಆದ್ಮೇಲೆ ಯಾರೂ ಬೇಕಾಗಿಲ್ಲ. ಬೆರಳಲ್ಲಿ ಹಿಂಗೆ ಅಂದ್ರೆ ಮುಗೀತು."

ನಾನು ಎದ್ದುಬಿಟ್ಟೆ. "ಇನ್ನೊಂದ್ ದಿನ ಬರ್ತೀನಿ" ಎಂದೆ. ಆಕೆಗೆ ತಾನೇನು ತಪ್ಪು ಮಾತಾಡಿದೆ ಎಂದು ಗೊತ್ತಾಗಲಿಲ್ಲ, ಪಾಪ.

ನಮ್ಮ ಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಹೆಂಗಸರ ತಲೆ ಬಾಚಿರಬೇಕು. ಕೆದರಿದ ತಲೆಯಲ್ಲಿ ದೀಪ ಮುಟ್ಟುವ ಹಾಗಿಲ್ಲ. ಹಾಗಾಗಿ ಬೆಳಿಗ್ಗೆ ಜಡೆ ಹಾಕಿದ ಅತ್ತೆಯೇ ಸಂಜೆ ಅದನ್ನು ಬಿಚ್ಚಿ, ಬಾಚಿ, ಸಡಿಲವಾಗಿ ಹೆಣೆದು ಬಿಡುತ್ತಿದ್ದರು. ಪಾರ್ಲರಿನಿಂದ ಬಂದ ಸಂಜೆಯೂ ಮಣೆಯ ಮೇಲೆ ಕೂತೆ. ಅವರು ಜಡೆಯ ತುದಿ ಹಿಡಿದುಕೊಂಡರು. ಗಂಟನ್ನು ಬೆರಳಿನಿಂದ ಸವರಿ ನೋಡಿದರು.

"ಇದು ನನ್ ಗಂಟಲ್ಲ" ಎಂದರು.

ಅವರು ಜಡೆಯ ತುದಿಗೆ ಕಪ್ಪು ಟೇಪು ಸುತ್ತಿ ಎಳೆದು ಗಂಟು ಹಾಕುತ್ತಿದ್ದರು. ನನ್ನ ಸಹೋದ್ಯೋಗಿ ಅದೇ ಟೇಪಿನಲ್ಲಿ ಹೂವಿನ ಥರ ಕಟ್ಟುತ್ತಿದ್ದಳು. ಬಿಡಿಭಾಗಗಳಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಹಿಡಿಯುವ ನನಗೆ ನನ್ನ ಬೆನ್ನ ಮೇಲೇ ತೂಗುತ್ತಿದ್ದ ಈ ವ್ಯತ್ಯಾಸ ಹೊಳೆದಿರಲಿಲ್ಲ.

"ಇವತ್ತೊಂದಿನ ಅಲ್ಲ, ಬಾಳ ದಿನದಿಂದ ಇಂಗೇ" ಎಂದರು ಅತ್ತೆ. "ಬೆಳಿಗ್ಗೆ ಕಟ್ಟೋಳೂ ನಾನೇ, ಸಂಜೆ ಬಿಚ್ಚೋಳೂ ನಾನೇ. ನನ್ ಗಂಟು ನಂಗೆ ಗೊತ್ತಾಗಾಕಿಲ್ವಾ? ನೀನು ಏಳ್ಲಿ ಅಂತ ಕಾಯ್ತಿದ್ದೆ. ಓಗು, ಕತ್ತರಿಸ್ಕೊಂಡು ಬಾ. ಅದ್ಯಾವ್ದೋ ಬಾಬು ಅಂತ ಫೋನ್ನಾಗೆ ನೋಡ್ತಿದ್ದೆಯಲ್ಲ, ಅದನ್ನೇ ಮಾಡಿಸ್ಕೊ."

ಸಮಾಧಾನದ ಮಾತೇ. ಆದರೆ ನನಗೆ ಎಲ್ಲಿಲ್ಲದ ಕೋಪ ಬಂತು. "ಕತ್ತರಿಸ್ಕೊಂಡ್ರೆ ಬೆಳಿಗ್ಗೆ ನನ್ ಹತ್ರ ಯಾರು ಮಾತಾಡ್ತಾರೆ?" ಎಂದು ಕಿರುಚಿದೆ. ಒಳಗಿನಿಂದ ಗಂಡ ಏನಾಯಿತೆಂದು ಬಂದು, ಇಬ್ಬರನ್ನೂ ನೋಡಿ, ಬಂದ ಹಾಗೇ ವಾಪಸು ಹೋದರು. ನಾವಿಬ್ಬರೂ ಅಳುವುದನ್ನು ಅವರು ಅದುವರೆಗೆ ಒಟ್ಟಿಗೆ ನೋಡಿರಲಿಲ್ಲ.

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು. "ಗಿಡ್ಡ ಕೂದ್ಲಿಗೆ ಬಾಚಣಿಗೆ ಬ್ಯಾಡ್ವಾ?" ಎಂದರು. "ನಾನೂ ಬತ್ತೀನಿ. ಎಲ್ಲಿಗೆ ಕತ್ತರಿಸ್ಬೇಕು ಅಂತ ನಾನೇ ತೋರಿಸ್ತೀನಿ."

ಭಾನುವಾರ ಹೋದೆವು. ಮಂಗಳವಾರ ಶುಕ್ರವಾರ ಕತ್ತರಿ ಮುಟ್ಟುವ ಹಾಗಿರಲಿಲ್ಲ, ಅದರಲ್ಲಿ ಅತ್ತೆ ರಾಜಿಯಾಗಲಿಲ್ಲ. ಮದುವೆಗೆ ಹೋಗುವ ಸೀರೆ ಉಟ್ಟು ಬಂದಿದ್ದರು. ಪಾರ್ಲರಿನಾಕೆ "ಬನ್ನಿ ಅಜ್ಜೀ, ಕೂತ್ಕೊಳ್ಳಿ" ಎಂದು ಕುರ್ಚಿ ಒರೆಸಿ ಕೊಟ್ಟರೂ ಕೂರದೆ ನನ್ನ ಹಿಂದೆ ಬಂದು ನಿಂತರು. ಜಡೆಯನ್ನು ಹೆಗಲಿನಿಂದ ಕೆಳಗೆ ಬಿಗಿಯಾಗಿ ಕಟ್ಟಿ ಕತ್ತರಿಸಿದಾಗ ನನ್ನ ತಲೆ ತಾನೇ ಮೇಲಕ್ಕೆ ಎದ್ದಂತಾಯಿತು. ಅತ್ತೆ ಆ ಜಡೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ತಮ್ಮ ಬ್ಯಾಗಿಗೆ ಹಾಕಿಕೊಂಡರು.

ಹೆಗಲಿನ ಮಟ್ಟಕ್ಕೆ ಸಮ ಮಾಡಿ ಪಾರ್ಲರಿನಾಕೆ ಕೇಳಿದಳು. "ಸಾಕಾ ಅಜ್ಜೀ?"

"ಬಾಚಣಿಗೆ ಕೊಡವ್ವ, ನೋಡಾನ" ಎಂದರು ಅತ್ತೆ. ನೆತ್ತಿಯಿಂದ ಹೆಗಲವರೆಗೆ ಒಮ್ಮೆ ಎಳೆದರು.

ನಾನು ಕನ್ನಡಿ ನೋಡಿದೆ. ನಮ್ಮ ನಡುಮನೆಯಲ್ಲಿ ಕನ್ನಡಿ ಇಲ್ಲ. ಅವರು ನನ್ನ ತಲೆ ಬಾಚುವಾಗ ಅವರ ಮುಖ ಹೇಗಿರುತ್ತದೆ ಎಂದು ನಾನು ನೋಡಿದ್ದು ಅದೇ ಮೊದಲು. ಬೆರಳು ಬಾಚಣಿಗೆಯನ್ನು ಬಿಗಿ ಹಿಡಿದ ಕೂಡಲೇ ಕಣ್ಣು ಮುಚ್ಚಿಕೊಂಡಿತು. ಕೈ ಕೆಳಗೆ ಇಳಿದಂತೆಲ್ಲ ತುಟಿ ಕಚ್ಚಿಕೊಂಡರು. ಮುಖವೆಲ್ಲ ನೋವಿಗೆ ಕಿವುಚಿಕೊಂಡಿತು. ಬಾಚಣಿಗೆ ಎತ್ತಿದ ಮೇಲೆ ಮತ್ತೆ ಎಂದಿನ ಗಡುಸು ಮುಖ. ಇಷ್ಟು ದಿನ ದ್ರಾಕ್ಷಿ ತೋಟದ ಕಥೆಗಳನ್ನೆಲ್ಲ ಅವರು ಹೇಳಿದ್ದು ಈ ಮುಖದಿಂದ. ಮಣೆಯ ಮೇಲೆ ನೆಟ್ಟಗೆ ಕೂತಿದ್ದ ನನಗೆ ಒಂದು ದಿನವೂ ಗೊತ್ತಾಗಿರಲಿಲ್ಲ.

"ಇಷ್ಟಿರ್ಲಿ" ಎಂದರು ಅತ್ತೆ. "ಇದಕ್ಕಿಂತ ಗಿಡ್ಡ ಬ್ಯಾಡ. ಇಷ್ಟು ಕೂದ್ಲು ಬೆಳೆಸಿದೋಳು ನೀನು."

"ಇನ್ನೂ ಮೇಲೆ ಕತ್ತರಿಸಿ" ಎಂದೆ ನಾನು.

ದವಡೆಯ ಮಟ್ಟಕ್ಕೆ ಬಂತು. "ಈಗ ಬಾಚಿ ಅತ್ತೆ" ಎಂದೆ. ಬಾಚಿದರು. ಈ ಸಲ ತುಟಿ ಕಚ್ಚಲಿಲ್ಲ, ಆದರೂ ಕೊನೆಯಲ್ಲಿ ಕಣ್ಣು ಸಣ್ಣಗಾಯಿತು.

"ಇನ್ನೂ ಸ್ವಲ್ಪ."

ಪಾರ್ಲರಿನಾಕೆ ಕತ್ತರಿ ಕೆಳಗಿಳಿಸಿದಳು. "ಅಕ್ಕಾ, ನಿಮ್ದು ದುಂಡು ಮುಖ. ದವಡೆ ಹತ್ರ ನಿಂತ್ರೇನೇ ಚೆಂದ. ಇನ್ನೂ ಮೇಲೆ ಹೋದ್ರೆ ಸೂಟ್ ಆಗಲ್ಲ. ಆಮೇಲೆ ನನ್ನ ಬೈತೀರಾ."

"ಬೈಯಲ್ಲ. ಕತ್ತರಿಸಿ."

ಆಕೆ ಕನ್ನಡಿಯಲ್ಲಿ ನನ್ನನ್ನು ನೋಡಿದಳು. ನನ್ನ ಕಣ್ಣು ನನ್ನ ಕೂದಲಿನ ಮೇಲಿರಲಿಲ್ಲ. ಅದು ಎಲ್ಲಿದೆ ಎಂದು ಆಕೆಯೂ ನೋಡಿದಳು. ಕಿವಿಯ ಹಾಲೆ ಕಾಣುವಷ್ಟಕ್ಕೆ ತಂದು, ಹಿಂದೆ ಇನ್ನೂ ಹಗುರ ಮಾಡಿ, ಬಾಚಣಿಗೆಯನ್ನು ತಾನೇ ಅತ್ತೆಯ ಕೈಗಿಟ್ಟಳು. "ಈಗ ನೋಡಿ ಅಜ್ಜೀ" ಎಂದಳು.

ಬಾಚಣಿಗೆ ನೆತ್ತಿಯಿಂದ ಕಿವಿಯವರೆಗೆ ಸರಾಗವಾಗಿ ಬಂತು. ಅತ್ತೆಯ ಕಣ್ಣು ತೆರೆದೇ ಇತ್ತು. ಅವರು ಇನ್ನೊಂದು ಸಲ ಬಾಚಿದರು, ಬೇಕೆಂದೇ. "ಇಲ್ಲಿಗೆ ಸಾಕು" ಎಂದೆ.

ಆ ಬಾಬ್ ನನಗೆ ಒಪ್ಪುವುದಿಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ. ಮುಖ ಇನ್ನಷ್ಟು ದುಂಡಗೆ ಕಾಣುತ್ತದೆ, ಕಿವಿ ದೊಡ್ಡದಾಗಿ ಕಾಣುತ್ತದೆ. ಗಂಡ ಬಾಗಿಲು ತೆರೆದು, ಯಾರು ಬೇಕಿತ್ತು ಎಂದು ಕೇಳುವವರಂತೆ ನಿಂತಿದ್ದರು. ಟೋಪಿ ಮಾತ್ರ ಈಗ ಸರಿಯಾಗಿ ಕೂರುತ್ತದೆ. ಯಾವ ಬಾಬ್ ಇದು, ಹೆಸರೇನು ಎಂದು ಸಹೋದ್ಯೋಗಿಗಳು ಕೇಳಿದಾಗ ಹೆಸರಿಲ್ಲ ಎಂದೆ.

ಸೋಮವಾರ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ನಡುಮನೆಯಲ್ಲಿ ಕುರ್ಚಿಯೂ ಇತ್ತು, ಅದರ ಮುಂದೆ ಮಣೆಯೂ ಇತ್ತು. ಹೋಗಿ ಕೂತೆ. ಬಾಚುವುದು ಎರಡು ಎಳೆತದಲ್ಲಿ ಮುಗಿಯಿತು. ಅತ್ತೆ ಎಡಗಡೆ ಬೈತಲೆ ತೆಗೆದರು, ಅದನ್ನು ಕೆಡಿಸಿ ಬಲಗಡೆ ತೆಗೆದರು, ಮತ್ತೆ ಕೆಡಿಸಿ ನಡುವೆ ತೆಗೆದರು. ಕೊನೆಗೆ ನನ್ನ ನೆತ್ತಿಗೆ ಹೇಳಿದರು.

"ನೆನ್ನೆ ಕನ್ನಡೀಲಿ ನೀನು ನಿನ್ ಕೂದ್ಲು ನೋಡ್ಲೇ ಇಲ್ಲ. ನನ್ ಮುಖನೇ ನೋಡ್ತಿದ್ದೆ. ನಂಗೆ ಗೊತ್ತು."

ಜೋರಿನವಳು ಎಂದು ಹೆಸರಾದ ನನಗೆ ಅಳು ಬಂತು. ಕುತ್ತಿಗೆ ಗಟ್ಟಿ ಹಿಡಿದರೂ ಹೆಗಲು ಕುಲುಕುತ್ತಿತ್ತು. ಅತ್ತೆ ಒಂದು ಕೈಯಿಂದ ನನ್ನ ತಲೆ ಹಿಡಿದುಕೊಂಡರು. ಬೋಳಾಗಿದ್ದ ನನ್ನ ಕತ್ತಿನ ಹಿಂಬದಿಗೆ ಅವರ ಬೆರಳಿನ ಬಿಸಿ ತಾಕಿತು.

"ಅಲ್ಲಾಡ್ಬ್ಯಾಡ" ಎಂದರು. "ಬೈತಲೆ ಸೊಟ್ಟ ಓಯ್ತದೆ."

ನಾನು ನೆಟ್ಟಗೆ ಕೂತೆ.