ಬೆಸುಗೆ ಮಾವ ನದಿಮೂಲಕ್ಕೆ ಹೋದದ್ದು

ಡಾಂಬರು ರಸ್ತೆ ಮುಗಿದು ಕಾಲುದಾರಿ ಶುರುವಾಗುವ ಜಾಗದಲ್ಲಿ ಬೆಸುಗೆ ಮಾವನ ಅಂಗಡಿ. ಅಲ್ಲಿಂದ ಎರಡು ದಿನ ಬೆಟ್ಟ ಹತ್ತಿದರೆ ನದಿ ಹುಟ್ಟುವ ಗವಿ. ಯಾತ್ರಿಕರು ಹತ್ತಿ ಹೋಗಿ, ಪುಟ್ಟ ತಾಮ್ರದ ತಂಬಿಗೆಯಲ್ಲಿ ಆ ನೀರು ತುಂಬಿಕೊಂಡು, ಕುಂಟುತ್ತಾ ಇಳಿದು ಬಂದು ಮೊದಲು ಕೂರುವುದು ಮಾವನ ಬೆಂಚಿನ ಮೇಲೆ. ಮಾವ ತಂಬಿಗೆಯ ಬಾಯಿಗೆ ತಾಮ್ರದ ಬಿಲ್ಲೆಯಿಟ್ಟು, ಕಾದ ಕಬ್ಬಿಣಕ್ಕೆ ತವರ ಮುಟ್ಟಿಸಿ, ಸುತ್ತಲೂ ಒಂದೇ ಎಳೆತಕ್ಕೆ ಬೆಸೆದುಬಿಡುತ್ತಾನೆ. ಆಮೇಲೆ ಒಣ ಕಾಗದದ ಮೇಲೆ ಬೋರಲು ಹಾಕಿ ತೋರಿಸುತ್ತಾನೆ. ಕಾಗದ ಒದ್ದೆಯಾದದ್ದನ್ನು ಬೀದಿಯಲ್ಲಿ ಯಾರೂ ಕಂಡಿಲ್ಲ. "ಒಳಗಿನ ನೀರಿಗೆ ಬಿಸಿ ಗೊತ್ತೇ ಆಗಬಾರದು," ಎಂದು ಹೇಳಿಕೊಳ್ಳುವಾಗ ಮಾತ್ರ ಅವನಿಗೆ ಸ್ವಲ್ಪ ಜಂಬ.

ಯಾತ್ರಿಕರದು ಒಂದೇ ತಕರಾರು. ಪುಣ್ಯದ ಆಸೆಗೆ ಎಲ್ಲರೂ ತಂಬಿಗೆಯನ್ನು ತುಳುಕುವ ಹಾಗೆ ತುಂಬಿಸಿಕೊಂಡು ಬರುತ್ತಾರೆ. ಅಂಚು ಒದ್ದೆಯಿದ್ದರೆ ತವರ ಹಿಡಿಯುವುದಿಲ್ಲ, ಹಾಗಾಗಿ ಮಾವ ಒಂದು ಬೆರಳಿನಷ್ಟು ನೀರು ಬೇಸನ್ನಿಗೆ ಬಗ್ಗಿಸುತ್ತಾನೆ. "ಅಯ್ಯೋ, ಚೆಲ್ಲಬೇಡ್ರೀ!" ಎಂದು ಅವರು ಹೌಹಾರುತ್ತಾರೆ. ಸಂಜೆ ಆ ಬೇಸನ್ನಿನ ನೀರನ್ನೆಲ್ಲ ಅವನ ಹೆಂಡತಿ ಕಿಟಕಿಯ ಕೆಳಗಿನ ಮೆಣಸಿನ ಗಿಡಗಳಿಗೆ ಹಾಕುತ್ತಾಳೆ. "ಈ ಗಿಡಗಳಿಗಿರೋ ಪುಣ್ಯ ನಮಗಿಲ್ಲ ನೋಡಿ," ಎನ್ನುತ್ತಾಳೆ.

ತಮಾಷೆಗೆ ಹೇಳಿದ ಮಾತಲ್ಲ. ದಿನವಿಡೀ ಆ ನೀರಿನಲ್ಲೇ ಕೈಯಾಡಿಸುವ ಗಂಡ ಹೆಂಡತಿ ಇಬ್ಬರೂ ನದಿಮೂಲ ನೋಡಿರಲಿಲ್ಲ. ದಾರಿ ತೆರೆದಿರುವುದು ವರ್ಷಕ್ಕೆ ಆರು ತಿಂಗಳು, ಆ ಆರು ತಿಂಗಳೇ ಅಂಗಡಿಗೆ ಕೆಲಸ. ಕೆಲಸ ಮುಗಿದು ಕೈ ಖಾಲಿಯಾಗುವ ಹೊತ್ತಿಗೆ ಮೇಲೆ ಆಳೆತ್ತರದ ಹಿಮ. ಮದುವೆಯಾಗಿ ಬಂದ ವರ್ಷವೇ ಅವಳು ಕೇಳಿದ್ದಳು.

"ರೀ, ನಾವೂ ಒಂದ್ಸಲ ಹೋಗಿಬರೋಣ."

"ಈ ಸೀಸನ್ ಒಂದು ಮುಗೀಲಿ," ಎಂದಿದ್ದ ಮಾವ.

ಹೊಸ ಹೆಣ್ಣು, ಊರಿನ ಲೆಕ್ಕಾಚಾರ ತಿಳಿಯದು, ನಂಬಿದಳು. ತಿಳಿದ ಮೇಲೂ ಮೂವತ್ತೊಂದು ವರ್ಷ ನಂಬುತ್ತಲೇ ಬಂದಳಲ್ಲ, ಅದಕ್ಕೇನು ಹೇಳೋಣ! ಹೋಗಲಾಗದ ದಾರಿಯನ್ನು ಅವಳು ಕೇಳಿ ಕೇಳಿಯೇ ಕಟ್ಟಿಕೊಂಡಳು. ತಂಬಿಗೆಗಳನ್ನು ಉಜ್ಜಿ ಹೊಳಪು ಕೊಡುತ್ತಾ, ಬೆಂಚಿನ ಮೇಲೆ ಕೂತವರನ್ನೆಲ್ಲ ಬಿಡದೆ ಮಾತಿಗೆಳೆಯುವಳು. ಮೂರನೆಯ ತಿರುವಿನಲ್ಲಿ ಮರದ ಸೇತುವೆ, ಅದನ್ನು ದಾಟಿದರೆ ಎಡಕ್ಕೆ ಬಿಳಿ ತೊಗಟೆಯ ಮರಗಳು, ಆಮೇಲೆ ಮರವೇ ಇಲ್ಲದ ಕಲ್ಲುಬಯಲು, ಕೊನೆಗೆ ನೀಲಿ ಮಂಜುಗಡ್ಡೆಯ ಗವಿ. ಹೊಸದಾಗಿ ಹೊರಟವರಿಗೆ ಅವಳೇ ದಾರಿ ಹೇಳಿಕೊಡುತ್ತಿದ್ದಳು. ಎಷ್ಟು ಸಲ ಹೋಗಿದ್ದೀರಮ್ಮ ಎಂದು ಯಾರಾದರೂ ಕೇಳಿದರೆ ಕಿವಿ ಕೇಳಿಸದವಳ ಹಾಗೆ ಒಳಗೆ ಹೋಗಿಬಿಡುವಳು.

ಹನ್ನೊಂದು ವರ್ಷದ ಹಿಂದೆ ನಡಿಗೆಗೆಂದೇ ದಪ್ಪ ಅಟ್ಟೆಯ ಬೂಟು ಕೊಂಡಳು. ಪಾದಕ್ಕೆ ಹದವಾಗಲಿ ಎಂದು ಅಡುಗೆಮನೆಯಲ್ಲಿ ಹಾಕಿಕೊಂಡು ಓಡಾಡಿದಳು. ಮಾವ ನೋಡಿ ನಕ್ಕ. ನನ್ನ ಕೇಳಿದರೆ, ಅವತ್ತೇ ಅವನು ಕಬ್ಬಿಣ ಆರಿಸಿ ಎದ್ದು ಹೊರಡಬೇಕಿತ್ತು. ಒಳ್ಳೆಯ ಮನುಷ್ಯನೇ, ಆದರೆ ಕೆಲವು ವಿಷಯದಲ್ಲಿ ಒಳ್ಳೆಯವರಷ್ಟು ದಡ್ಡರು ಬೇರೆ ಇಲ್ಲ.

ಈ ವರ್ಷ ದಾರಿ ತೆರೆಯುವ ಮೊದಲೇ ಅವಳಿಗೆ ಉಸಿರು ಹಿಡಿಯಲು ಶುರುವಾಯಿತು. ಡಾಕ್ಟರು ಎದೆಗೆ ಕೊಳವೆಯಿಟ್ಟು ನೋಡಿ, ಹೃದಯದ ಕವಾಟ ಸೋತಿದೆ ಎಂದರು. ಬೆಟ್ಟ ಹಾಗಿರಲಿ, ಮನೆಯ ಮಹಡಿಯೂ ಬೇಡವೆಂದರು. ಮಂಚವನ್ನು ಅಂಗಡಿಯ ಹಿಂದಿನ ಕೋಣೆಗೆ ಇಳಿಸಿದ್ದಾಯಿತು. ಒಂದು ವಾರ ಅವಳು ಆ ಮಾತೇ ಎತ್ತಲಿಲ್ಲ. ಆಮೇಲೊಂದು ಬೆಳಿಗ್ಗೆ, ಮಾವ ಒಲೆ ಹೊತ್ತಿಸುತ್ತಿರುವಾಗ, ಹಾಸಿಗೆಯಿಂದಲೇ ಕರೆದಳು.

"ನೀವಾದ್ರೂ ಹೋಗಿಬನ್ನಿ."

"ನಿನ್ನ ಬಿಟ್ಟು ನಾನೊಬ್ನೇ ಏನು ಹೋಗೋದು? ಸುಮ್ನಿರು."

"ಇಷ್ಟು ವರ್ಷ ಕಂಡವರ ಬಾಯಿಂದೆಲ್ಲ ಕೇಳಿದ್ದೀನಿ. ಒಂದ್ಸಲ ನಿಮ್ಮ ಬಾಯಿಂದ ಕೇಳ್ಬೇಕು. ನನ್ನ ಕಣ್ಣೂ ನಿಮ್ಮದೇ ಅಂದ್ಕೊಂಡು ನೋಡ್ಕೊಂಡು ಬನ್ನಿ. ಅಷ್ಟು ಮಾಡಲ್ವಾ?"

ಮಾವ ಇಲ್ಲವೆನ್ನಲಾರದೆ ಹೋದ. ನೋಡಿಕೊಳ್ಳಲು ಅವಳ ತಂಗಿ ಬಂದು ನಿಂತಳು. ಭರ್ತಿ ಸೀಸನ್ನಿನಲ್ಲಿ ಬೆಸುಗೆ ಅಂಗಡಿಗೆ ಬೀಗ ಬಿದ್ದದ್ದನ್ನು ಕಂಡು ಬೀದಿಯವರು ಮೂಗಿನ ಮೇಲೆ ಬೆರಳಿಟ್ಟರು.

ಮಾವ ನಡೆದ. ಪರೀಕ್ಷೆಗೆ ಹೊರಟವನ ಹಾಗೆ ಒಂದೊಂದನ್ನೂ ಬಾಯಿಪಾಠ ಮಾಡುತ್ತಾ ನಡೆದ. ಸೇತುವೆಗೆ ಎಷ್ಟು ಹಲಗೆ, ಮರದ ತೊಗಟೆ ಮುಟ್ಟಿದರೆ ಹೇಗಿರುತ್ತದೆ, ಕಲ್ಲುಬಯಲಿನಲ್ಲಿ ಗಾಳಿ ಯಾವ ಕಡೆಯಿಂದ ಬೀಸುತ್ತದೆ. ಎಲ್ಲವೂ ಅವಳು ಹೇಳಿದ ಜಾಗದಲ್ಲೇ ಇದ್ದವು. ಒಂದೊಂದು ಸಿಕ್ಕಾಗಲೂ ಖುಷಿಯಾಗಬೇಕಿತ್ತು, ಆಗಲಿಲ್ಲ. ಅವಳ ಸ್ವತ್ತನ್ನು ಅವಳಿಲ್ಲದಾಗ ತೆರೆದು ನೋಡುತ್ತಿದ್ದೇನೆ ಅನ್ನಿಸಿತು.

ಹೀಗೆ ನಿಂತು ನಿಂತು ನಡೆದು, ಮೂರನೆಯ ದಿನ ಮಧ್ಯಾಹ್ನ ಗವಿಯ ಮುಂದೆ ನಿಂತ. ಎಲ್ಲರೂ ಬಗ್ಗಿ ತಂಬಿಗೆ ತುಂಬುತ್ತಿದ್ದರು. ಮಾವ ಚೀಲಕ್ಕೆ ಕೈ ಹಾಕಿದ. ಔಷಧಿ ಇತ್ತು, ಉಣ್ಣೆಯ ಟೋಪಿ ಇತ್ತು, ಎರಡು ಜೊತೆ ಕಾಲುಚೀಲ ಇತ್ತು. ತಂಬಿಗೆ ಇರಲಿಲ್ಲ. ಅಂಗಡಿಯ ತುಂಬ ತಂಬಿಗೆ ನೇತುಹಾಕಿಕೊಂಡವನಿಗೆ ಒಂದನ್ನು ತೆಗೆದುಕೊಳ್ಳಬೇಕೆಂದು ಹೊಳೆದೇ ಇರಲಿಲ್ಲ. ಬೆಸೆಯಲು ಅವನ ಕೈಗೆ ಯಾವತ್ತೂ ತುಂಬಿದ ತಂಬಿಗೆಯೇ ಬರುತ್ತಿದ್ದದ್ದು. ಅದನ್ನು ಮೊದಲು ಯಾರಾದರೂ ಖಾಲಿಯಾಗಿ ಹೊತ್ತು ತರಬೇಕು ಅನ್ನುವುದನ್ನು ಅವನು ಯೋಚಿಸಿಯೇ ಇರಲಿಲ್ಲ. ಪಕ್ಕದ ಅಜ್ಜಿ ತನ್ನದರಲ್ಲಿ ಅರ್ಧ ಕೊಡುತ್ತೇನೆಂದಳು. "ಬೇಡಮ್ಮ. ನೀವು ಮಾತ್ರ ಮೇಲೆ ಒಂದು ಬೆರಳು ಜಾಗ ಬಿಟ್ಟು ತುಂಬಿ," ಎಂದು ಅಲ್ಲಿಯೂ ತನ್ನ ಕಸುಬಿನ ಮಾತನ್ನೇ ಆಡಿ, ನೀರಿಗೆ ಕೈಯಿಟ್ಟ. ಮೊಣಕೈವರೆಗೆ ಕೊರೆಯಿತು.

ಐದನೆಯ ದಿನ ಇಳಿದು ಬಂದಾಗ ಅವಳು ಅಂಗಡಿಯ ಬಾಗಿಲ ಮುಂದೆಯೇ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಬೆಂಚಿನ ಮೇಲೆ ತಂಬಿಗೆ ಹಿಡಿದ ನಾಲ್ಕೈದು ಮಂದಿ, ಅವಳ ತಂಗಿ ಕೊಟ್ಟ ಚಹಾ ಕುಡಿಯುತ್ತಾ ಆರಾಮವಾಗಿದ್ದರು. ಇನ್ನು ಕೆಲವರು ಕೆಳಗಿನ ಪೇಟೆಯಲ್ಲಿ ಬೆಸುಗೆ ಹಾಕಿಸಿಕೊಳ್ಳುತ್ತೇವೆಂದು ಹೋಗಿದ್ದರಂತೆ. ಮಾವ ಬೂಟು ಕೂಡ ಬಿಚ್ಚದೆ ಅವಳ ಪಕ್ಕದ ಮೆಟ್ಟಿಲಲ್ಲಿ ಕುಸಿದು ಕೂತ.

"ನೀರು ತರಲಿಲ್ಲ ಕಣೆ. ತಂಬಿಗೆ ಮರೆತೆ."

"ನೀರು ಯಾರಿಗೆ ಬೇಕು? ಹೇಳಿ, ಇಲ್ಲಿಂದ ಶುರು ಮಾಡಿ."

ಅವಳು ಕಣ್ಣು ಮುಚ್ಚಿಕೊಂಡಳು. ಮಾವ ಹೇಳಿದ. ಸೇತುವೆಗೆ ನಲವತ್ತೆರಡು ಹಲಗೆ, ಒಂದು ಮುರಿದಿದೆ. ತೊಗಟೆ ಕಾಗದದ ಹಾಗೆ ಸುಲಿದು ಬರುತ್ತದೆ. ಮಧ್ಯೆ ಅವನು ಒಂದು ತಿರುವು ಬಿಟ್ಟರೆ ಅವಳೇ ತಿದ್ದಿದಳು. ಗವಿಯ ಹತ್ತಿರ ಬರುವಾಗ ಅವನು ಬಗ್ಗಿ ಬೂಟಿನ ದಾರ ಬಿಚ್ಚತೊಡಗಿದ.

"ಅಲ್ಲಿ ಹೇಗಿತ್ತು?"

"ನೀಲಿ ಕಣೆ. ಅಂಥಾ ನೀಲಿ ನಾನು ನೋಡೇ ಇಲ್ಲ. ನೋಡ್ತಾ ನೋಡ್ತಾ ಪಕ್ಕಕ್ಕೆ ತಿರುಗಿ, 'ನೋಡಿದ್ಯೇನೇ?' ಅಂದ್ಬಿಟ್ಟೆ. ಯಾರೋ ಬೋಳುತಲೆ ಹಿರಿಯರು ನಿಂತಿದ್ರು."

"ಅವರೇನಂದ್ರು?"

"'ನೋಡ್ದೆನಪ್ಪಾ' ಅಂದ್ರು."

ಅವಳು ನಕ್ಕಳು. ನಕ್ಕರೆ ಉಸಿರು ಹಿಡಿಯುತ್ತದೆಂದು ಗೊತ್ತಿದ್ದೂ ನಕ್ಕಳು. ಮಾವನಿಗೆ ನಗು ಬರಲಿಲ್ಲ. ಚಹಾ ಕುಡಿಯುತ್ತಿದ್ದವರನ್ನೊಮ್ಮೆ, ಬೀಗ ಹಾಕಿದ ಬಾಗಿಲನ್ನೊಮ್ಮೆ ನೋಡಿದ.

"ಐದು ದಿನ ಬಾಗಿಲು ಹಾಕಿದ್ದೆ," ಎಂದ. "ಏನಾಯ್ತು? ಏನೂ ಆಗ್ಲಿಲ್ಲ ಕಣೆ."

ಅವಳು ಅವನ ತಲೆಯ ಮೇಲೆ ಕೈಯಿಟ್ಟಳು.

"ಏನೂ ಆಗಲ್ಲ ಅಂತ ನನಗೆ ಮೊದಲನೇ ವರ್ಷವೇ ಗೊತ್ತಿತ್ತು ರೀ."