ಮಾಲಾ ಮುಚ್ಚದ ಫೈಲು

ಮಾಲಾ ಯಾರನ್ನೂ ನಂಬುವವಳಲ್ಲ. ದೂರೆಂದು ಹೇಳುತ್ತಿಲ್ಲ, ಅವಳ ಬಳಿ ಸ್ವಲ್ಪ ಹೊತ್ತು ಕುಳಿತ ಯಾರಿಗಾದರೂ ಇದು ತಿಳಿಯುತ್ತದೆ. ಗೋಕಾಕದಲ್ಲಿ ಕಾಲುವೆ ನೀರು ಬಳಸುವ ರೈತರ ಒಕ್ಕೂಟವೊಂದರ ಕಚೇರಿಯಲ್ಲಿ ಅವಳು ಕಂಪ್ಯೂಟರ್ ಆಪರೇಟರ್. ನೀರು ಕುಡಿಯಲು ಎದ್ದರೂ ಪರದೆಗೆ ಲಾಕ್ ಹಾಕಿಯೇ ಏಳುತ್ತಾಳೆ. ಅವಳ ಕೀಬೋರ್ಡನ್ನು ಬೇರೆಯವರು ಮುಟ್ಟಿದ್ದನ್ನು ನಾನು ಕಂಡಿರಲಿಲ್ಲ. ಕಾಲುವೆಯ ತುದಿಗೆ ನೀರು ಬಂತು ಎಂದು ಯಾರಾದರೂ ಫೋನಿನಲ್ಲಿ ಹೇಳಿದರೆ, "ಫೋಟೋ ಕಳಸ್ರಿ" ಅನ್ನುತ್ತಾಳೆ.

ಈ ಗುಣ ತಂದೆಯಿಂದ ಬಂದದ್ದು. ಹುಕ್ಕೇರಿ ತಾಲೂಕಿನ ಹತ್ತರಗಿ ಕಡೆಯ ಭೀಮಶಿ ಹೊಲದ ಕೂಲಿ ಮಾಡುತ್ತಿದ್ದ, ಜೊತೆಗೆ ಕಾವಲು ಕೂಡುತ್ತಿದ್ದ. ಕಾಲುವೆಯಲ್ಲಿ ಪ್ರತಿ ಹೊಲಕ್ಕೂ ನೀರಿನ ಪಾಳಿ ಇರುತ್ತದೆ. ಕೆಳಗಿನವರ ಪಾಳಿಯಲ್ಲಿ ಮೇಲಿನವರು ತಮ್ಮ ತೂಬು ಎತ್ತಿಬಿಟ್ಟರೆ ಕೆಳಗೆ ಬರುವುದು ಬರೀ ಕೆಸರು. ಅದಕ್ಕೆ ಕೆಳಗಿನವರು ತಮ್ಮ ಪಾಳಿ ಮುಗಿಯುವ ತನಕ ಮೇಲಿನ ತೂಬಿನ ಮುಂದೆ ಒಬ್ಬನನ್ನು ಕೂಡಿಸುತ್ತಾರೆ. ಬುತ್ತಿ ತರುವ ಮಗಳಿಗೆ ಭೀಮಶಿ ಹೇಳುತ್ತಿದ್ದ ಪಾಠ ಒಂದೇ: "ನೀರ ತುದಿ ಮುಟ್ಟೂತನಕ ಏಳಬಾರ್ದವಾ. ನೀ ಬೆನ್ನ ತಿರುವಿದಿ ಅಂದ್ರ ನೀರೂ ತಿರಗತೈತಿ."

ಮಾಲಾ ಡಿಪ್ಲೊಮಾ ಓದಿದಳು, ನೌಕರಿ ಹಿಡಿದಳು, ಆದರೆ ತೂಬಿನ ಮುಂದಿನಿಂದ ಎದ್ದಿರಲಿಲ್ಲ. ಒಕ್ಕೂಟದ ಎಲ್ಲ ಹೊಲಗಳ ಪಾಳಿ ಒಂದೇ ಫೈಲಿನಲ್ಲಿದೆ. ಒಂದೊಂದು ಸಾಲಿನಲ್ಲಿ ಒಬ್ಬ ರೈತ, ಅವನ ತೂಬು, ದಿನಾಂಕ, ಮೊಬೈಲ್ ನಂಬರು. ರೈತರಿಗೆ ಮೆಸೇಜು ಹೋಗುವುದು ಅದರಿಂದಲೇ. ಮಾಲಾ ಅದನ್ನು ಎಡಿಟರ್ ಎಂಬ, ಬರೆದು ತಿದ್ದುವ ಪ್ರೋಗ್ರಾಮಿನಲ್ಲಿ ತೆರೆದಳೆಂದರೆ ಆ ಪಾಳಿಯ ನೀರು ತುದಿ ಮುಟ್ಟುವ ತನಕ ಮುಚ್ಚುವುದಿಲ್ಲ. ಹುಡುಕುವುದು, ತಿದ್ದುವುದು, ಜೋಡಿಸುವುದು ಎಲ್ಲವೂ ಎಡಿಟರಿನದೇ ಆಜ್ಞೆಗಳಿಂದ, ಅವಳ ಕಣ್ಣೆದುರಿಗೆ.

ಮೂಡಲಗಿಯಿಂದ ಬಂದು ಸೇರಿದ ಸೋಮಶೇಖರನ ರೀತಿ ಬೇರೆ. ಅವನು ಫೈಲನ್ನು ತೆರೆಯುವುದೇ ಇಲ್ಲ. ಶೆಲ್ ಎಂಬ ಕಪ್ಪು ಕಿಟಕಿಯಲ್ಲಿ ಒಂದು ಆಜ್ಞೆ ಬರೆದು ಎಂಟರ್ ಒತ್ತುತ್ತಾನೆ. ಸಾವಿರ ಸಾಲಿನ ಕೆಲಸ ಕಣ್ಣಿಗೆ ಬೀಳದೆಯೇ ಮುಗಿದಿರುತ್ತದೆ.

"ಮಾಲಕ್ಕಾ, ನೀವು ಇನ್ನಾ ಬೀಸೂಕಲ್ಲ ತಿರುವಾಕತ್ತೀರಿ. ನಾ ಗಿರಣಿಗೆ ಹಾಕ್ಕೊಂಡ ಬರ್ತೇನಿ," ಎಂದು ಅವನು ಕೆಣಕುತ್ತಿದ್ದ.

"ಗಿರಣ್ಯಾಗ ಯಾರ ಹಿಟ್ಟ ಯಾರ ಡಬ್ಬಿಗಿ ಬಿತ್ತು ಅನ್ನೂದ ಗೊತ್ತಾಗೂದಿಲ್ಲ, ಸೋಮಣ್ಣ."

ಕಳೆದ ನವೆಂಬರ್ ಕೊನೆಯಲ್ಲಿ ಕಾಲುವೆಯ ಒಡ್ಡು ಒಡೆದು ಎರಡು ದಿನ ನೀರು ನಿಂತಿತು. ಒಡ್ಡಿನ ಕೆಳಗಿನ ಎಲ್ಲರ ಪಾಳಿಯನ್ನೂ ಎರಡು ದಿನ ಮುಂದಕ್ಕೆ ಹಾಕಿ ಸಂಜೆಯೊಳಗೆ ಮೆಸೇಜು ಕಳಿಸಬೇಕಿತ್ತು. ಇಲ್ಲದಿದ್ದರೆ ಹಳೆಯ ಪಾಳಿಯೇ ನಡೆಯುತ್ತದೆ, ತುದಿಯವರ ಸರದಿ ಒಣ ಕಾಲುವೆಯಲ್ಲೇ ಕಳೆದಂತೆ. ಕೌಜಲಗಿಯ ಸತ್ತೆವ್ವ ಎಂಬ ಮುದುಕಿ ಬಸ್ಸು ಹಿಡಿದು ಬಂದು ಕಚೇರಿಯ ಬೆಂಚಿನ ಮೇಲೆ ಕುಳಿತಿದ್ದಳು. ಕಾಲುವೆ ತುದಿಯ ಅವಳ ಹೊಲದಲ್ಲಿ ಗೋವಿನಜೋಳ ತೆನೆ ಹಿಡಿಯುವ ಹೊತ್ತು. ಈ ನೀರು ತಪ್ಪಿದರೆ ಕಾಳು ಕಟ್ಟುವುದಿಲ್ಲ. ನನ್ನ ಹೊಲವೂ ಅದೇ ಕಾಲುವೆಯದು, ನಾನೂ ಅದೇ ಬೆಂಚಿನಲ್ಲಿದ್ದೆ.

ಮಾಲಾ ಬೆಳಗಿನಿಂದ ಬದಲಾದ ನಂಬರು, ಅದಲುಬದಲಾದ ಪಾಳಿಗಳನ್ನು ತಿದ್ದುತ್ತ ಕುಳಿತಿದ್ದಳು. ಕೆಲಸ ಹಗುರ ಮಾಡಲೆಂದು ಸೋಮಶೇಖರ ತನ್ನ ಮೇಜಿನಿಂದ ಅದೇ ಫೈಲಿಗೆ ಒಂದು ಆಜ್ಞೆ ಕೊಟ್ಟ: ಸಾಲುಗಳನ್ನು ತೂಬಿನ ಪ್ರಕಾರ ಜೋಡಿಸಿ ಅದೇ ಫೈಲಿಗೆ ಸುರಿ. ಶೆಲ್ಲು ಸುರಿಯುವ ಪಾತ್ರೆಯನ್ನು ಮೊದಲು ಬರಿದು ಮಾಡಿಯೇ ಕೆಲಸ ಶುರು ಮಾಡುತ್ತದೆ. ಮೊಗೆಯಬೇಕಾದ ಕೊಡವೂ ಅದೇ, ಬರಿದಾದ ಕೊಡವೂ ಅದೇ.

"ಮಾಲಕ್ಕಾ, ಫೈಲ ಖಾಲಿ ಆತು."

"ಖಾಲಿ ಅಂದ್ರ?" ಎಂದ ಕಾರ್ಯದರ್ಶಿ ಶಿದ್ರಾಮ.

"ಖಾಲಿ ಅಂದ್ರ ಖಾಲಿ ರೀ ಕಾಕಾ. ಒಂದ ಸಾಲೂ ಇಲ್ಲ."

ನಿನ್ನೆಯ ಪ್ರತಿ ಇತ್ತು, ಬೆಳಗಿನ ತಿದ್ದುಪಡಿ ಒಂದೂ ಅದರಲ್ಲಿರಲಿಲ್ಲ. ಅಷ್ಟರಲ್ಲಿ ಮಾಲಾಳ ಎಡಿಟರ್ ಒಂದು ಪ್ರಶ್ನೆ ಕೇಳಿತು: ಫೈಲು ಹೊರಗೆ ಬದಲಾಗಿದೆ, ಹೊಸದನ್ನು ತೆರೆಯಲೇ, ಇದ್ದದ್ದನ್ನೇ ಇಟ್ಟುಕೊಳ್ಳಲೇ?

ಸೋಮಶೇಖರ ಓಡಿ ಬಂದ. "ಹೊಸಾದ್ದಕ್ಕ ಒತ್ರಿ, ಲಗೂ ಒತ್ರಿ!"

"ಹೊಸಾದ ಅಂದ್ರ ನೀವು ಖಾಲಿ ಮಾಡಿದ್ದಲ್ಲಾ? ಕೈ ಹಿಂದಕ್ಕ ತಗೋರಿ."

ಇದ್ದದ್ದೇ ಇರಲಿ ಎಂದು ಒತ್ತಿ, ಉಳಿಸು ಎಂದಳು. ಖರೆಯೇ ಉಳಿಸಲೇ ಎಂದು ಎಡಿಟರ್ ಮತ್ತೊಮ್ಮೆ ಕೇಳಿತು. ಹೌದೆಂದಳು. ಬೆಳಗಿನಿಂದ ತೆರೆದೇ ಇಟ್ಟಿದ್ದರಿಂದ ಪ್ರತಿ ಸಾಲೂ ಎಡಿಟರಿನ ಹೊಟ್ಟೆಯಲ್ಲಿ ಭದ್ರವಾಗಿತ್ತು. ಸೋಮಶೇಖರ ತನ್ನ ಮೇಜಿಗೆ ಹೋಗಿ ನೋಡಿ ಕೂಗಿದ: "ಬಂದಾವ! ಎಲ್ಲಾ ಬಂದಾವ!"

ಸತ್ತೆವ್ವ ಎದ್ದು ನಿಂತಳು. "ನೀರ ಬಂತೇನ?"

"ಇನ್ನಾ ಇಲ್ಲ ಆಯೀ. ಪಾಳಿ ಬಂತು. ಕುಂದರ್ರಿ."

ಇನ್ನೂ ದಿನಾಂಕದ ಕೆಲಸ ಉಳಿದಿತ್ತು. ತಿಂಗಳ ಕೊನೆ. ಎಡಿಟರಿಗೆ ಎರಡು ಕೂಡಿಸು ಎಂದರೆ ಮೂವತ್ತು ಮೂವತ್ತೆರಡಾಗುತ್ತದೆ, ಡಿಸೆಂಬರ್ ಎರಡಾಗುವುದಿಲ್ಲ. ನೂರಾರು ಸಾಲುಗಳನ್ನು ಕೈಯಿಂದ ತಿದ್ದಲು ಹೊತ್ತಿರಲಿಲ್ಲ. ಮಾಲಾ ಸೋಮಶೇಖರನ ಕಡೆ ಕುರ್ಚಿ ತಿರುಗಿಸಿದಳು.

"ಸೋಮಣ್ಣ, ತಾರೀಖಿನ ಲೆಕ್ಕ ನಿಮ್ಮ ಶೆಲ್ಲಿಗೆ ಬರತೈತಲ್ಲ? ಆಜ್ಞಾ ಹೇಳ್ರಿ, ನಾ ಬರೀತೇನಿ."

ಅವನು ಹೇಳಿದ. ಒಡ್ಡಿನ ಕೆಳಗಿನ ಸಾಲುಗಳನ್ನಷ್ಟೇ ಆರಿಸಿ, ಎಡಿಟರಿನ ಒಳಗಿನಿಂದಲೇ ಅವಳು ಅವನ್ನು ಶೆಲ್ಲಿಗೆ ದಾಟಿಸಿದಳು. ಕೆಲಸ ಶೆಲ್ಲಿನದು, ಬಂದು ಬೀಳುವುದು ಅವಳ ಕಣ್ಣ ಮುಂದೆ. ಇಪ್ಪತ್ತೊಂಬತ್ತು ಇದ್ದ ಸಾಲಿನ ಮೇಲೆ ಅವಳ ಬೆರಳು ನಿಂತಿತು.

"ನವೆಂಬರದಾಗ ಮೂವತ್ತೊಂದನೇ ತಾರೀಖು ನಿಮ್ಮ ಮೂಡಲಗ್ಯಾಗಷ್ಟ ಬರತೈತೇನ್ರಿ?"

ಶಿದ್ರಾಮ ಬಿದ್ದು ಬಿದ್ದು ನಕ್ಕ. ಮಾಲಾ ಒಂದು ಕೀಲಿ ಒತ್ತಿದಳು, ಎಲ್ಲ ಸಾಲುಗಳೂ ಮೊದಲಿನಂತಾದವು. ಸೋಮಶೇಖರ ಆಜ್ಞೆಯಲ್ಲಿದ್ದ ತಪ್ಪು ಹಿಡಿದ, ಅವಳು ಮತ್ತೆ ದಾಟಿಸಿದಳು. ಈ ಸಲ ಮೂವತ್ತು ನೇರವಾಗಿ ಡಿಸೆಂಬರ್ ಎರಡಾಯಿತು. ಮೇಲಿನಿಂದ ಕೆಳಗಿನ ತನಕ ಓದಿ ನೋಡಿ, ಹೊತ್ತು ಮುಳುಗುವ ಮೊದಲೇ ಮೆಸೇಜು ಕಳಿಸಿದಳು. ಸತ್ತೆವ್ವನ ಎಲೆಅಡಿಕೆ ಚೀಲದಲ್ಲಿ ಫೋನು ಟಿಣ್ ಎಂದಿತು. ಅದನ್ನು ಓದಲು ಬಾರದಿದ್ದರೂ ಆಕೆ ಎಲ್ಲರಿಗೂ ತೋರಿಸಿದಳು, ಪಂದ್ಯ ಗೆದ್ದು ಬಂದವರಂತೆ.

ತುದಿಯವರ ಪಾಳಿಯ ದಿನ ನಾನು ಮತ್ತೆ ಕಚೇರಿಗೆ ಹೋಗಿದ್ದೆ. ಫೈಲು ತೆರೆದೇ ಇತ್ತು. ಮಾಲಾಳ ಫೋನು ರಿಂಗಣಿಸಿತು. ಸತ್ತೆವ್ವನ ಧ್ವನಿ ಕಚೇರಿಗೆಲ್ಲ ಕೇಳುತ್ತಿತ್ತು.

"ಬಂತ ನೋಡ ಮಗಳ! ಮೊಣಕಾಲಮಟ ಬಂತು! ಫೋಟೋ ತಗಿಯಾಕ ನನಗ ಬರೂದಿಲ್ಲವಾ. ಸಪ್ಪಳರೆ ಕೇಳ."

ಫೋನಿನಲ್ಲಿ ನೀರು ಹರಿಯುವ ಸಪ್ಪಳ ಬಂತು. ಒಳಗೆ ಸಿಗ್ನಲ್ ಕಡಿದು ಕಡಿದು ಬರುತ್ತಿತ್ತು. ಮಾಲಾ ಫೋನನ್ನು ಕಿವಿಗೆ ಒತ್ತಿಕೊಂಡು ಎದ್ದು ಬಾಗಿಲ ಕಡೆ ನಡೆದಳು. ಪರದೆಗೆ ಲಾಕ್ ಹಾಕಲಿಲ್ಲ.

ಹೊಸ್ತಿಲಲ್ಲಿ, ತಿರುಗಿ ನೋಡದೆ, "ಸೋಮಣ್ಣ, ಆ ಫೈಲ ಮುಚ್ಚಿಬಿಡ್ರಿ," ಎಂದಳು.

ಸೋಮಶೇಖರ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಅವಳ ಕುರ್ಚಿಯಲ್ಲಿ ಕುಳಿತ.