ಮಗುಚಿ ತೋರಿಸದ ಬ್ರೆಡ್

ಕೋವಿಡ್ ಮುಗಿದ ಮರುವರ್ಷ ನಾನು ಬಿ.ಸಿ.ರೋಡಿನ ಗೃಹೋಪಕರಣಗಳ ಅಂಗಡಿಯೊಂದರಲ್ಲಿ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ಮಿಕ್ಸಿ, ಓವನ್, ಬ್ರೆಡ್ ಮೆಷಿನ್‌ಗಳನ್ನು ಗ್ರಾಹಕರ ಎದುರು ನಡೆಸಿ ತೋರಿಸುವುದು ನನ್ನ ಕೆಲಸ. ಆ ವೇಳೆಗೆ ಹನ್ನೊಂದು ವರ್ಷದ ಅನುಭವವಿತ್ತು, ಮಾತಿನಲ್ಲಿ ಗಟ್ಟಿಗಿತ್ತಿ ಎಂಬ ಹೆಸರೂ ಇತ್ತು. ಆ ಹೆಸರು ನೆನೆದರೆ ಈಗ ನಾಚಿಕೆಯಾಗುತ್ತದೆ.

ಬ್ರೆಡ್ ಮೆಷಿನ್‌ನ ಪಾತ್ರೆಯ ತಳದಲ್ಲಿ ಹಿಟ್ಟು ನಾದುವ ಪುಟ್ಟ ರೆಕ್ಕೆ ಇರುತ್ತದೆ. ಅದಕ್ಕೆ ಪ್ಯಾಡಲ್ ಎನ್ನುತ್ತಾರೆ. ಬ್ರೆಡ್ ಅದರ ಸುತ್ತಲೇ ಬೇಯುವುದರಿಂದ ಅಡಿಯ ನಡುಭಾಗದಲ್ಲಿ ಎರಡು ಬೆರಳು ತೂರುವಷ್ಟು ತೂತು ಉಳಿಯುತ್ತದೆ. ಕೊನೆಯ ಸಲ ನಾದಿ ಮುಗಿದೊಡನೆ ಒದ್ದೆ ಕೈಯಿಂದ ಪ್ಯಾಡಲ್ ತೆಗೆದರೆ ಕಡಲೆಕಾಳಿನಷ್ಟು ಗುರುತು ಮಾತ್ರ. ಇದು ನನಗೆ ತರಬೇತಿಯಲ್ಲೇ ಗೊತ್ತಿತ್ತು. ಆದರೆ ಉಪಾಯ ಹೇಳಬೇಕಾದರೆ ತೂತಿನ ವಿಷಯವನ್ನೂ ಹೇಳಬೇಕಲ್ಲ! ನಾನು ಬ್ರೆಡ್ಡನ್ನು ಅಡಿ ಕಾಣದಂತೆ ಬಟ್ಟೆಯ ಮೇಲಿಟ್ಟು, ತುದಿಯಿಂದ ನಾಲ್ಕು ಹೋಳು ಕತ್ತರಿಸಿ ಬೆಣ್ಣೆ ಸವರಿ ಕೊಡುತ್ತಿದ್ದೆ. ನಡುಭಾಗ ಯಾರ ಕೈಗೂ ಹೋಗುತ್ತಿರಲಿಲ್ಲ.

ಸಿದ್ಧಕಟ್ಟೆಯ ಲೀಲಕ್ಕ ಆ ಹೋಳು ತಿಂದೇ ಮೆಷಿನ್ ಕೊಂಡದ್ದು. ಬೀಡಿ ಕಟ್ಟಿ ಕಟ್ಟಿ ಬೆನ್ನು ಸೋತ ಹೆಂಗಸು. ಮೂಡುಬಿದಿರೆಯ ಸಣ್ಣ ಪಿಜಿಯೊಂದರವರು ಒಂದು ವಾರ ನೋಡುತ್ತೇವೆ, ಚೆನ್ನಾಗಿದ್ದರೆ ದಿನಾ ನಿಮ್ಮದೇ ಬ್ರೆಡ್ ಎಂದಿದ್ದರಂತೆ. ಬೀಡಿ ಬಿಡಲು ಅವರಿಗೆ ಕಂಡ ದಾರಿ ಅದೊಂದೇ.

ಬ್ರೆಡ್ ಕೊಡಲು ಶುರುಮಾಡಿದ ಮೂರನೇ ದಿನ ಅವರ ಫೋನ್ ಬಂತು. “ಮೇಡಂ, ಅಡಿಯಲ್ಲಿ ತೂತು ಬರ್ತಾ ಉಂಟು. ಇಲಿ ಕೊರೆದದ್ದಾ ಅಂತ ಪಿಜಿಯ ಹುಡುಗಿಯರು ಕೇಳ್ತಾರಂತೆ. ಎಂತ ಮಾಡುದು?”

ನನ್ನೆದುರು ಡೆಮೊ ನೋಡಲು ಬಂದ ಏಳೆಂಟು ಜನ ಕೂತಿದ್ದರು. ಅವರ ಮುಂದೆ ತೂತು ಎಂಬ ಮಾತೇ ಎತ್ತುವಂತಿರಲಿಲ್ಲ. “ನೀರು ಹೆಚ್ಚಾಗಿರ್ಬೇಕು ಲೀಲಕ್ಕ, ಅಳತೆ ಸರಿ ನೋಡಿ,” ಎಂದು ಫೋನ್ ಇಟ್ಟೆ. ಹಾಳು ನಾಲಿಗೆ! ಸಂಜೆ ಮತ್ತೆ ಫೋನ್ ಮಾಡಬಹುದಿತ್ತು. ಮಾಡಲಿಲ್ಲ.

ಎರಡು ವಾರ ಬಿಟ್ಟು ಲೀಲಕ್ಕ ಪೇಪರಿನಲ್ಲಿ ಸುತ್ತಿದ ಬ್ರೆಡ್ ಹಿಡಿದು ಅಂಗಡಿಗೇ ಬಂದರು.

“ನೋಡಿ ಮೇಡಂ, ತೂತು ಇಲ್ಲ! ನೀರು, ಮೈದಾ ಎಲ್ಲ ಬದಲಿಸಿ ಸಾಕಾಯ್ತು. ಮತ್ತೆ ಮೆಷಿನ್ ಹತ್ರವೇ ಕೂತು ನೋಡಿದೆ. ನಾದಿ ಆದ ಮೇಲೆ ಆ ರೆಕ್ಕೆಗೆ ಕೆಲಸವೇ ಇಲ್ಲ ಮಾರಾಯ್ರೆ! ತೆಗ್ದುಬಿಟ್ಟೆ.”

“ಪಿಜಿಯವರು ಎಂತ ಹೇಳಿದ್ರು?”

“ಅವರು ಬೇಕರಿಯವರಿಗೆ ಹೇಳಿ ಆಯ್ತು. ಹೋಗ್ಲಿ, ಬೀಡಿ ಉಂಟಲ್ಲ, ಕಟ್ತೇನೆ. ಪಾಪ, ನಿಮಗೂ ಯಾರೂ ಹೇಳಿಕೊಟ್ಟಿರ್ಲಿಕ್ಕಿಲ್ಲ. ಇನ್ನು ಬಂದವರಿಗೆ ಹೇಳಿ, ಆಯ್ತಾ?”

“ಹೌದಾ ಲೀಲಕ್ಕ? ನನಗೆ ಗೊತ್ತೇ ಇರ್ಲಿಲ್ಲ,” ಎಂದೆ.

ಮರುದಿನದಿಂದ ನನ್ನ ಡೆಮೊ ಬ್ರೆಡ್ ಮಗುಚುವುದರಿಂದಲೇ ಶುರುವಾಯಿತು. ಮೊದಲು ತೂತು, ಆಮೇಲೆ ಉಪಾಯ, ಕೊನೆಗೆ ಬೆಣ್ಣೆ. ಕೆಲವರು ಮುಖ ಸಿಂಡರಿಸಿ ಎದ್ದು ಹೋಗುತ್ತಿದ್ದರು. ಹೋಗಲಿ ಎಂದು ಉಳಿದವರಿಗೆ ತೋರಿಸುತ್ತಿದ್ದೆ. ಮಾರುವವಳು ಕೊರತೆಯನ್ನೇ ಮೊದಲು ಹೇಳಬೇಕೆಂದು ಕಲಿಯಲು ನನಗೆ ಅಷ್ಟು ವರ್ಷ ಬೇಕಾಯಿತು. ಪ್ಯಾಡಲ್ ತೆಗೆಯುವ ಉಪಾಯವನ್ನು, ಇದು ಸಿದ್ಧಕಟ್ಟೆಯ ಲೀಲಕ್ಕ ಕಂಡುಹಿಡಿದದ್ದು ಎಂದು ಹೆಸರು ಹೇಳಿಯೇ ತೋರಿಸುತ್ತಿದ್ದೆ. ಅದು ಅವರ ಕಿವಿಗೂ ಬಿದ್ದು ಬಹಳ ಖುಷಿಪಟ್ಟರಂತೆ. ನನಗೆ ಮೊದಲೇ ಗೊತ್ತಿತ್ತು ಎಂಬುದನ್ನು ಮಾತ್ರ ಇವತ್ತಿಗೂ ಅವರಿಗೆ ಹೇಳಿಲ್ಲ.